ಅಂತಸ್ತು ಎಂದರೆ ಮಹಡಿಯಲ್ಲ

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದ ನಮ್ಮ ಮಕ್ಕಳು ಪ್ಲಸ್ ವನ್‌ಗೆ ಹೋಗಿ ಹ್ಯುಮಾನಿಟೀಸ್ ತೆಗೆದುಕೊಂಡರೆ ಸಮಾಜಶಾಸ್ತ್ರ ಅವರಿಗೆ ಹೊಸ ವಿಷಯ, ಪುಸ್ತಕ ಇಂಗ್ಲಿಷಿನದು. ಮಳೆಗಾಲ ಜೋರಾಗುವ ಹೊತ್ತಿಗೆ ಒಬ್ಬೊಬ್ಬರಾಗಿ ಹಳೆಯ ಶಾಲೆಗೆ ಬಂದು ಕೇಳುತ್ತಾರೆ. "ಮಾಷ್ಟ್ರೇ, ಸೋಷಿಯಲೈಸೇಶನ್ ಅಂದ್ರೆ ಎಂತ? ಸ್ಟೇಟಸ್, ರೋಲ್ ಅಂತ ಉಂಟು, ಎರಡೂ ಒಂದೇ ಅಲ್ವಾ?" ನಾವು ಹೈಸ್ಕೂಲಿನವರು. ಆ ಪಾಠ ನಮ್ಮ ಪಾಲಿನದಲ್ಲ. ಆದರೂ ಕೇಳಲು ಬಂದ ಮಗುವನ್ನು ಬರಿಗೈಯಲ್ಲಿ ಕಳುಹಿಸುವುದುಂಟೇ? ಅದಕ್ಕಾಗಿ ಈ ಮೂರು ಪದಗಳನ್ನು ನಮ್ಮ ಕಾಸರಗೋಡಿನ ಉದಾಹರಣೆಗಳೊಂದಿಗೇ ಇಲ್ಲಿ ಬರೆದಿಡುತ್ತಿದ್ದೇವೆ. ಮಕ್ಕಳಿಗೆಂದು ಹೊರಟದ್ದು, ಬರೆಯುತ್ತಾ ಹೋದಂತೆ ಇದು ನಮ್ಮ ಕತೆಯೇ ಅನ್ನಿಸಿತು.

ಮೊದಲನೆಯದು ಸಾಮಾಜೀಕರಣ. ಹುಟ್ಟಿದ ಮಗುವಿಗೆ ಅಳುವುದು ಗೊತ್ತು, ಹಾಲು ಕುಡಿಯುವುದು ಗೊತ್ತು. ಬಲಗೈಯಲ್ಲಿ ಉಣ್ಣುವುದು, ಅಜ್ಜ ಬಂದರೆ ಎದ್ದು ನಿಲ್ಲುವುದು, ಚಪ್ಪಲಿಯನ್ನು ಹೊರಗೆ ಬಿಡುವುದು ಇವೆಲ್ಲ ಹುಟ್ಟಿನಿಂದ ಬಂದದ್ದಲ್ಲ, ಕಲಿತದ್ದು. ಹೀಗೆ ಒಂದು ಜೀವ ಒಂದು ಸಮಾಜದ ಮನುಷ್ಯನಾಗುವ ಕ್ರಮಕ್ಕೆ ಸಾಮಾಜೀಕರಣ ಎಂದು ಹೆಸರು. ಮನೆಯಲ್ಲಿ ಮೊದಲ ವರ್ಷಗಳಲ್ಲಿ ಆಗುವುದು ಪ್ರಾಥಮಿಕ. ಶಾಲೆ, ಗೆಳೆಯರು, ಕೆಲಸದ ಜಾಗ, ಟಿ.ವಿ., ಮೊಬೈಲುಗಳಿಂದ ಆಮೇಲೆ ಆಗುವುದು ದ್ವಿತೀಯಕ. ಇದು ಸಾಯುವವರೆಗೂ ಮುಗಿಯುವುದಿಲ್ಲ. ಮದುವೆಯಾಗಿ ಬೇರೆ ಮನೆಗೆ ಹೋದ ಹುಡುಗಿ ಅಲ್ಲಿನ ಸಾರಿಗೆ ಎಷ್ಟು ಖಾರ ಎಂಬುದರಿಂದ ಹಿಡಿದು ಮತ್ತೆ ಕಲಿಯಬೇಕಲ್ಲ!

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಒಂದು ಮಗುವನ್ನು ನೋಡಿ. ಮನೆಯಲ್ಲಿ ತುಳು, ಕೆಲವರಲ್ಲಿ ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ ಅಥವಾ ಮಲಯಾಳ. ಶಾಲೆಗೆ ಬಂದರೆ ಕನ್ನಡ. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ ಮಲಯಾಳ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ಸಭೆಗಳಲ್ಲಿ ಹೊಗಳುತ್ತೇವೆ. ಆದರೆ ಮಗು ಕಲಿಯುವುದು ಭಾಷೆಯನ್ನಷ್ಟೇ ಅಲ್ಲ. ತುಳುವಿನಲ್ಲಿ ಯಾರಿಗೆ 'ಈ', ಯಾರಿಗೆ 'ಈರ್' ಎನ್ನಬೇಕು, ಕನ್ನಡದಲ್ಲಿ ಯಾರಿಗೆ 'ನೀನು', ಯಾರಿಗೆ 'ನೀವು' ಎಂದು ಕಲಿಯುವಾಗಲೇ ಯಾರು ಮೇಲೆ, ಯಾರು ಕೆಳಗೆ, ಯಾರು ಸಮ ಎಂಬ ಇಡೀ ಲೆಕ್ಕವನ್ನು ಅದು ಕಲಿತುಬಿಡುತ್ತದೆ. ಈ ಲೆಕ್ಕವನ್ನು ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ಗದ್ದೆ ಕೆಲಸಕ್ಕೆ ಬಂದ ಅಜ್ಜನ ವಯಸ್ಸಿನವರನ್ನು ಮನೆಯವರು ಏಕವಚನದಲ್ಲಿ ಕರೆಯುತ್ತಿದ್ದರೆ ಮಗು ಅದನ್ನೂ ಕಲಿಯುತ್ತದೆ.

ಅಮೆರಿಕದ ಚಾರ್ಲ್ಸ್ ಕೂಲಿ ಎಂಬವರು 1902ರಲ್ಲಿ ಇದಕ್ಕೆ ಕನ್ನಡಿಯ ಹೋಲಿಕೆ ಕೊಟ್ಟರು. ನಾವು ಇತರರ ಕಣ್ಣಿಗೆ ಹೇಗೆ ಕಾಣುತ್ತೇವೆ ಎಂದು ಊಹಿಸುತ್ತೇವೆ, ಅವರು ನಮ್ಮ ಬಗ್ಗೆ ಏನು ತೀರ್ಮಾನಿಸುತ್ತಾರೆ ಎಂದು ಊಹಿಸುತ್ತೇವೆ, ಅದರಿಂದ ಹೆಮ್ಮೆಯೋ ನಾಚಿಕೆಯೋ ಪಡುತ್ತೇವೆ. 'ನಾನು' ಎಂಬುದು ಹೀಗೆ ಬೆಳೆಯುತ್ತದೆ. "ಇವನು ಕನ್ನಡ ಮೀಡಿಯಂ" ಎಂದು ನೆಂಟರೊಬ್ಬರು ಮದುವೆ ಮನೆಯಲ್ಲಿ ಹೇಳುವ ಧಾಟಿಯಲ್ಲಿ ಒಂದು ಕನ್ನಡಿ ಇದೆ. ಮಗು ಅದರಲ್ಲಿ ತನ್ನ ಮುಖ ನೋಡಿಕೊಳ್ಳುತ್ತದೆ. ನೆಂಟರು ಊಟ ಮುಗಿಸಿ ಹೋಗುತ್ತಾರೆ, ಕನ್ನಡಿ ಉಳಿಯುತ್ತದೆ.

ಜಾರ್ಜ್ ಹರ್ಬರ್ಟ್ ಮೀಡ್ ಎಂಬವರು ಮಕ್ಕಳ ಆಟವನ್ನೇ ಹಿಡಿದರು. ಅವರು 1931ರಲ್ಲಿ ತೀರಿಕೊಂಡ ಮೇಲೆ ಶಿಷ್ಯರ ಟಿಪ್ಪಣಿಗಳಿಂದ 1934ರಲ್ಲಿ ಅವರ ಪುಸ್ತಕ ಬಂತು. ಸಣ್ಣ ಮಗು ಮೊದಲು ಒಬ್ಬರ ಪಾತ್ರವನ್ನು ಮಾತ್ರ ಆಡುತ್ತದೆ. ನಮ್ಮ ಮಕ್ಕಳು ಜಗಲಿಯಲ್ಲಿ 'ಶಾಲೆ ಆಟ' ಆಡುವಾಗ ಗಮನಿಸಿ: ಕೈಯಲ್ಲೊಂದು ಕೋಲು, ಮುಖದಲ್ಲಿ ಸಿಟ್ಟು, "ಬಾಯಿ ಮುಚ್ಚಿ!" ನಾವು ಶಿಕ್ಷಕರು ಹೇಗೆ ಕಾಣುತ್ತೇವೆ ಎಂದು ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ತಪಾಸಣೆ ಬೇರೆ ಇಲ್ಲ. ಸ್ವಲ್ಪ ದೊಡ್ಡದಾದಾಗ ಮಗು ಲಗೋರಿ, ಕಬಡ್ಡಿಗೆ ಇಳಿಯುತ್ತದೆ. ಅಲ್ಲಿ ತನ್ನ ಪಾತ್ರ ಒಂದು ಗೊತ್ತಿದ್ದರೆ ಸಾಲದು. ಚೆಂಡು ಎಸೆಯುವವನು, ಕಲ್ಲು ಜೋಡಿಸುವವನು, ಓಡುವವನು ಎಲ್ಲರ ಕೆಲಸವೂ ತಲೆಯಲ್ಲಿರಬೇಕು. ಆಗ ಸಮಾಜದ ನಿಯಮ ಹೊರಗಿನಿಂದ ಮಗುವಿನ ಒಳಗೆ ಬಂತು ಎಂದು ಮೀಡ್ ಹೇಳುತ್ತಾರೆ.

ಶಾಲೆ ಇಲ್ಲಿ ಏನು ಮಾಡುತ್ತದೆ? ಮನೆಯಲ್ಲಿ ಮಗು 'ನಮ್ಮ ಪುಟ್ಟ'. ತರಗತಿಯಲ್ಲಿ ಅದು ಹಾಜರಿ ಪುಸ್ತಕದ ಒಂದು ಸಂಖ್ಯೆ. ಮನೆಯಲ್ಲಿ ಅದು ಏನು ಮಾಡಿದರೂ ಅದರ ಸ್ಥಾನ ಗಟ್ಟಿ; ತರಗತಿಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ಹುಟ್ಟಿನ ಸ್ಥಾನದಿಂದ ಗಳಿಸುವ ಸ್ಥಾನದ ಕಡೆಗೆ ಮಗುವನ್ನು ದಾಟಿಸುವ ಸೇತುವೆ ಶಾಲೆ ಎಂದು ಟಾಲ್ಕಾಟ್ ಪಾರ್ಸನ್ಸ್ 1959ರಲ್ಲಿ ಬರೆದರು. ನಮ್ಮ ಮಟ್ಟಿಗೆ ಹೇಳುವುದಾದರೆ ಮಧ್ಯಾಹ್ನ ಎಲ್ಲ ಮನೆಗಳ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಊಟ ಮಾಡುವುದು ಯಾವ ಪಾಠಕ್ಕೂ ಕಡಿಮೆಯದಲ್ಲ.

ಇನ್ನು ಅಂತಸ್ತು ಮತ್ತು ಪಾತ್ರ. ಅಂತಸ್ತು ಎಂದ ಕೂಡಲೇ ಮಕ್ಕಳಿಗೆ ಮಹಡಿ ಮನೆ ನೆನಪಾಗುತ್ತದೆ, ದೊಡ್ಡವರಿಗೆ ಹಣ. ಸಮಾಜಶಾಸ್ತ್ರದಲ್ಲಿ ಎರಡೂ ಅಲ್ಲ. ಸಮಾಜದಲ್ಲಿ ಒಬ್ಬನು ಇರುವ ಸ್ಥಾನ ಅಂತಸ್ತು. ಮಗಳು ಒಂದು ಅಂತಸ್ತು, ವಿದ್ಯಾರ್ಥಿನಿ ಒಂದು ಅಂತಸ್ತು, ಬಸ್ಸಿನ ಕಂಡಕ್ಟರ್ ಒಂದು ಅಂತಸ್ತು. ಆ ಸ್ಥಾನದಲ್ಲಿರುವವರಿಗೆ ಕೆಲವು ಹಕ್ಕು, ಕೆಲವು ಕರ್ತವ್ಯ. ಅವುಗಳನ್ನು ನಡೆಸಿ ತೋರಿಸುವುದು ಪಾತ್ರ. ರಾಲ್ಫ್ ಲಿಂಟನ್ 1936ರಲ್ಲಿ ಈ ಎರಡನ್ನು ಬೇರ್ಪಡಿಸಿ ಹೇಳಿದರು. ಅಂತಸ್ತಿನಲ್ಲಿ ನಾವು ಇರುತ್ತೇವೆ, ಪಾತ್ರವನ್ನು ಮಾಡುತ್ತೇವೆ. ಹುಟ್ಟಿನಿಂದಲೋ ವಯಸ್ಸಿನಿಂದಲೋ ಬಂದದ್ದು ದತ್ತ ಅಂತಸ್ತು, ಓದಿ ದುಡಿದು ಪಡೆದದ್ದು ಗಳಿಸಿದ ಅಂತಸ್ತು ಎಂಬ ವಿಂಗಡಣೆಯೂ ಅವರದ್ದೇ.

ನಮ್ಮೂರಿನಲ್ಲಿ ಇದಕ್ಕೆ ಉದಾಹರಣೆಗಳಿಗೆ ಬರವಿಲ್ಲ. ಅಳಿಯಕಟ್ಟಿನ ಕುಟುಂಬಗಳಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿದು ಬರುತ್ತಿತ್ತು. ಅಲ್ಲಿ ಸೋದರಮಾವನ ಅಂತಸ್ತಿಗಿದ್ದ ತೂಕ ಮಕ್ಕಳಕಟ್ಟಿನ ಮನೆಯ ಮಾವನಿಗೆ ಇರಲಿಲ್ಲ. ಒಂದೇ 'ಮಾವ' ಎಂಬ ಶಬ್ದ, ಎರಡು ಬೇರೆ ಪಾತ್ರ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ, ಆಮೇಲೆ ಕೇರಳದ 1975ರ ಅವಿಭಕ್ತ ಕುಟುಂಬ ರದ್ದತಿ ಕಾಯಿದೆ ಇವುಗಳಿಂದ ಆಸ್ತಿಯ ಕ್ರಮ ಬದಲಾಯಿತು. ಆದರೂ ಕೆಲವು ಮನೆಗಳಲ್ಲಿ ಮದುವೆಯ ಮಾತು ಈಗಲೂ ಮಾವನಿಲ್ಲದೆ ಮುಂದುವರಿಯುವುದಿಲ್ಲ. ಭೂಸುಧಾರಣೆಯೂ ಹಾಗೆಯೇ. 1970ರ ಜನವರಿ 1ರಂದು ಕೇರಳದಲ್ಲಿ ಗೇಣಿ ಪದ್ಧತಿ ಕೊನೆಗೊಂಡಿತು. ಕಾಗದದಲ್ಲಿ ಒಕ್ಕಲು ಭೂಮಾಲಕನಾದ. ಧಣಿಯ ಮನೆಗೆ ಹೋದಾಗ ಅಂಗಳದಲ್ಲಿ ನಿಲ್ಲುವುದೋ, ಜಗಲಿಗೆ ಹತ್ತುವುದೋ, ಕುರ್ಚಿಯಲ್ಲಿ ಕುಳಿತುಕೊಳ್ಳುವುದೋ ಎಂಬುದು ಇತ್ಯರ್ಥವಾಗಲು ಇನ್ನೊಂದು ತಲೆಮಾರು ಬೇಕಾಯಿತು. ಕಾನೂನು ಅಂತಸ್ತನ್ನು ಒಂದು ದಿನದಲ್ಲಿ ಬದಲಿಸಬಲ್ಲದು. ಪಾತ್ರ ಮೈಗೆ ಹತ್ತಿದ್ದು, ನಿಧಾನವಾಗಿ ಬಿಡುತ್ತದೆ.

ಭೂತಕೋಲವನ್ನು ನೋಡಿ ಬೆಳೆದವರಿಗೆ ಇದನ್ನು ವಿವರಿಸುವುದೇ ಬೇಡ. ನಲಿಕೆ, ಪರವ, ಪಂಬದ ಸಮುದಾಯದ ಪಾತ್ರಿ ದೈವವಾಗಿ ನಿಂತಾಗ ಗುತ್ತಿನ ಯಜಮಾನರು ಕೈ ಮುಗಿದು ನುಡಿ ಕೇಳುತ್ತಾರೆ. ಬೆಳಗಾಗಿ ಬಣ್ಣ ತೊಳೆದ ಮೇಲೆ? ಆ ರಾತ್ರಿಯ ಗೌರವದಲ್ಲಿ ಎಷ್ಟು ಪಾಲು ಮರುದಿನ ಆ ಮನುಷ್ಯನಿಗೆ ಸಿಗುತ್ತದೆ? ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿ ಸುಮ್ಮನಿದ್ದರೆ ಸಾಕು, ಮಕ್ಕಳೇ ಮಾತನಾಡುತ್ತಾರೆ. ಯಕ್ಷಗಾನದ ಚೌಕಿಯೂ ಒಳ್ಳೆಯ ಪಾಠವೇ. ಚೌಕಿಯಲ್ಲಿ ಬೀಡಿ ಸೇದುತ್ತಾ ಹರಟುತ್ತಿದ್ದ ವೇಷಧಾರಿ ರಂಗಸ್ಥಳಕ್ಕೆ ಬಂದ ಕೂಡಲೇ ದೇವೇಂದ್ರ! ಎರ್ವಿಂಗ್ ಗಾಫ್‌ಮನ್ 1956ರಲ್ಲಿ ಮೊದಲು ಪ್ರಕಟಿಸಿದ ಪುಸ್ತಕದಲ್ಲಿ ನಿತ್ಯದ ಬದುಕಿಗೂ ಇಂಥ ರಂಗ ಮತ್ತು ನೇಪಥ್ಯ ಉಂಟು ಎಂದರು. ಪಾರ್ತಿಸುಬ್ಬನ ಕುಂಬಳೆಯ ಮಕ್ಕಳಿಗೆ ಅದು ಹೊಸ ಸುದ್ದಿಯಲ್ಲ. ನಮ್ಮ ಸ್ಟಾಫ್ ರೂಮು ಚೌಕಿಯಲ್ಲದೆ ಮತ್ತೇನು?

ಸ್ಟಾಫ್ ರೂಮಿನ ಮಾತು ಬಂತಲ್ಲ, ನಮ್ಮದೇ ಪಾತ್ರಗಳ ಕಡೆಗೆ ಬರೋಣ. ಒಂದು ಅಂತಸ್ತಿಗೆ ಒಂದೇ ಪಾತ್ರ ಇರುವುದಿಲ್ಲ. ಶಿಕ್ಷಕನಿಗೆ ಮಕ್ಕಳೊಂದಿಗೆ ಒಂದು ಪಾತ್ರ, ಹೆಡ್‌ಮಾಷ್ಟ್ರೊಂದಿಗೆ ಒಂದು, ಪಿ.ಟಿ.ಎ.ಯೊಂದಿಗೆ ಒಂದು, ಎ.ಇ.ಓ. ಕಚೇರಿಯೊಂದಿಗೆ ಮತ್ತೊಂದು. ಇದನ್ನು ರಾಬರ್ಟ್ ಮೆರ್ಟನ್ 1957ರಲ್ಲಿ ಪಾತ್ರಗಳ ಗುಂಪು ಎಂದು ಕರೆದರು. ಅವು ಪರಸ್ಪರ ಎಳೆದಾಡಿದರೆ, ಅಥವಾ ಒಬ್ಬನ ಎರಡು ಅಂತಸ್ತುಗಳು ಡಿಕ್ಕಿ ಹೊಡೆದರೆ ಸಂಘರ್ಷ.

ಕೇರಳದ ಶಾಲೆಗಳಲ್ಲಿ ಜೂನ್ ತಿಂಗಳ ಆರನೆಯ ಕೆಲಸದ ದಿನ ಎಂದರೆ ಏನೆಂದು ಈ ಬರಹ ಓದುವ ಶಿಕ್ಷಕರಿಗೆ ಹೇಳಬೇಕಾಗಿಲ್ಲ. ಆ ದಿನದ ತಲೆ ಎಣಿಕೆಯ ಮೇಲೆ ಎಷ್ಟು ಡಿವಿಷನ್, ಎಷ್ಟು ಹುದ್ದೆ ಎಂಬುದು ನಿಂತಿದೆ. ಅದಕ್ಕಾಗಿ ಎಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ನಾವು ಮನೆ ಮನೆ ಹತ್ತಿ ಇಳಿಯುತ್ತೇವೆ. ಕನ್ನಡ ಮಾಧ್ಯಮಕ್ಕೆ ಮಕ್ಕಳನ್ನು ಕಳುಹಿಸಿ ಎಂದು ಕೇಳುತ್ತೇವೆ. ಬಾಗಿಲಲ್ಲಿ ನಿಂತ ತಾಯಿ ಶಾಂತವಾಗಿ ಕೇಳುತ್ತಾರೆ: "ಟೀಚರ್, ನಿಮ್ಮ ಮಗು ಯಾವ ಶಾಲೆಯಲ್ಲಿ ಕಲಿಯುವುದು?"

ಇದಕ್ಕಿಂತ ನೇರವಾದ ಪಾತ್ರ ಸಂಘರ್ಷದ ಉದಾಹರಣೆ ಪುಸ್ತಕದಲ್ಲಿಲ್ಲ. ಕೇಳಿದ್ದು ಟೀಚರನ್ನು, ಉತ್ತರ ಕೊಡಬೇಕಾದದ್ದು ತಾಯಿ. ನಮ್ಮಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಕೆಲವರ ಮಕ್ಕಳು ನಮ್ಮ ಜೊತೆಗೇ ಬಂದು ನಮ್ಮ ಜೊತೆಗೇ ಮನೆಗೆ ಹೋಗುತ್ತಾರೆ. ಕೆಲವರ ಮಕ್ಕಳು ಬೆಳಿಗ್ಗೆ ಹಳದಿ ಬಸ್ಸು ಹತ್ತುತ್ತಾರೆ. ಯಾರ ಮೇಲೂ ತೀರ್ಪು ಕೊಡುವುದಕ್ಕೆ ಇದನ್ನು ಬರೆಯುತ್ತಿಲ್ಲ. ಆದರೆ ಆ ತಾಯಿಯ ಪ್ರಶ್ನೆ ನ್ಯಾಯವಾದದ್ದು. ಕನ್ನಡ ಮಾಧ್ಯಮ ಎಂಬುದು ಬೇರೆ ದಾರಿಯಿಲ್ಲದವರ ಅಂತಸ್ತೋ, ಆಯ್ದುಕೊಂಡವರ ಅಂತಸ್ತೋ ಎಂದು ಅವರು ಕೇಳುತ್ತಿದ್ದಾರೆ. ಅದಕ್ಕೆ ಮಾತಿನ ಉತ್ತರ ನಡೆಯುವುದಿಲ್ಲ. ಶಾಲೆಯೇ ಉತ್ತರವಾಗಬೇಕು: ಇಂಗ್ಲಿಷನ್ನು ಚೆನ್ನಾಗಿ ಕಲಿಸುವ, ಮಲಯಾಳವನ್ನು ಹೆದರಿಕೆಯಿಲ್ಲದೆ ಮಾತನಾಡಲು ಕಲಿಸುವ, ವಿಜ್ಞಾನವನ್ನು ಕನ್ನಡದಲ್ಲಿ ಅರ್ಥ ಮಾಡಿಸುವ ಶಾಲೆ.

ಇಲ್ಲೇ ಇನ್ನೊಂದು ಸಂಗತಿ. ಲಿಂಟನ್ ಅಂತಸ್ತನ್ನೂ ಪಾತ್ರವನ್ನೂ ಯಾಕೆ ಬೇರೆ ಮಾಡಿದರು ಎಂದು ಗಡಿನಾಡಿನ ಮಕ್ಕಳಿಗೆ ಅನುಭವದಿಂದಲೇ ಗೊತ್ತು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರ ನೇಮಕವಾದ ಪ್ರಸಂಗಗಳು ಈ ಜಿಲ್ಲೆಯಲ್ಲಿ ಒಂದೆರಡಲ್ಲ. ಬಂದವರು ಕೆಟ್ಟವರಲ್ಲ. ಓದಿದವರು, ಪರೀಕ್ಷೆ ಪಾಸಾದವರು, ದೂರದ ಊರಿನಿಂದ ಮನೆ ಬಿಟ್ಟು ಬಂದವರು. ಅಂತಸ್ತು ಪೂರ್ತಿ ಇದೆ: ಹುದ್ದೆ, ಸಂಬಳ, ಹಾಜರಿ ಪುಸ್ತಕದಲ್ಲಿ ಸಹಿ. ಪಾತ್ರ ಮಾತ್ರ ನಡೆಯುವುದಿಲ್ಲ. ಗಣಿತದ ಲೆಕ್ಕ ಹಲಗೆಯ ಮೇಲೆ ಬರುತ್ತದೆ, ಅದರ ಹಿಂದಿನ 'ಯಾಕೆ' ಬರುವುದಿಲ್ಲ. ಮಲಯಾಳ ಗೊತ್ತಿರುವ ಹುಡುಗಿಯೊಬ್ಬಳು ಎದ್ದು ನಿಂತು ಉಳಿದವರಿಗೆ ಕನ್ನಡದಲ್ಲಿ ಹೇಳುತ್ತಾಳೆ. ವಿದ್ಯಾರ್ಥಿನಿಯ ಅಂತಸ್ತು, ಶಿಕ್ಷಕಿಯ ಪಾತ್ರ! ಅವಳ ಜಾಣತನವನ್ನು ಮೆಚ್ಚಬಹುದು. ಆದರೆ ಹದಿಮೂರು ವಯಸ್ಸಿನ ಮಗುವಿನ ಹೆಗಲಿಗೆ ಅದು ಸೇರಿದ ಭಾರವಲ್ಲ. ಅಂಥ ನೇಮಕಗಳ ವಿರುದ್ಧ ಹೆತ್ತವರು ಶಾಲೆಯ ಮುಂದೆ ಕುಳಿತಾಗ ಅದನ್ನು ಭಾಷೆಯ ಜಗಳ ಎಂದು ಕರೆದವರಿದ್ದಾರೆ. ಅದು ಜಗಳವಲ್ಲ. ಮಗುವಿನ ಅಂತಸ್ತಿಗೆ ಸೇರಿದ ಹಕ್ಕನ್ನು ಕೇಳಿದ್ದು, ಅಷ್ಟೆ.

ಆ ಹಕ್ಕು ಎಲ್ಲಿಂದ ಬಂತು? 1956ರ ಅಕ್ಟೋಬರ್ 31ರ ರಾತ್ರಿ ಕಾಸರಗೋಡು ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಬೆಳಗಾಗುವಾಗ ನವೆಂಬರ್ 1, ಕೇರಳ ರಾಜ್ಯ. ಅದೇ ಮನೆ, ಅದೇ ಬಾವಿ, ಅದೇ ಅಡಿಕೆ ತೋಟ, ಮಲಗಿದವರು ಎದ್ದಾಗ 'ಭಾಷಾ ಅಲ್ಪಸಂಖ್ಯಾತರು'. ದತ್ತ ಅಂತಸ್ತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಅತ್ತ ಸೇರಿಸಬೇಕೆಂದು 1967ರಲ್ಲಿ ಮಹಾಜನ್ ಆಯೋಗ ವರದಿ ಕೊಟ್ಟಿತು, ಜಾರಿಯಾಗಲಿಲ್ಲ. 1984ರ ಮೇ 24ರಂದು ಕಾಸರಗೋಡು ಕೇರಳದ ಪ್ರತ್ಯೇಕ ಜಿಲ್ಲೆಯಾಯಿತು. ರಾಜ್ಯಗಳ ಪುನರ್ವಿಂಗಡಣೆಯಾದ ಅದೇ 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಯಲು ಸಾಕಷ್ಟು ಅನುಕೂಲ ಒದಗಿಸಲು ರಾಜ್ಯ ಪ್ರಯತ್ನಿಸಬೇಕು ಎನ್ನುತ್ತದೆ ಅದು. ಗೆರೆ ಎಳೆದವರೇ ಗೆರೆಯ ಆಚೆ ಉಳಿದವರಿಗಾಗಿ ಬರೆದ ಸಾಲು ಅದು. ಅಂತಸ್ತನ್ನು ನಾವು ಕೇಳಿ ಪಡೆದದ್ದಲ್ಲ. ಅದರ ಜೊತೆಗೆ ಬಂದ ಹಕ್ಕನ್ನಾದರೂ ಕೇಳಬೇಕಲ್ಲ.

ಒಬ್ಬ ಮನುಷ್ಯನ ಹತ್ತು ಅಂತಸ್ತುಗಳಲ್ಲಿ ಒಂದೇ ಒಂದು ಉಳಿದೆಲ್ಲವನ್ನೂ ನುಂಗಿಬಿಡುವುದೂ ಉಂಟು. ಎವರೆಟ್ ಹ್ಯೂಸ್ 1945ರಲ್ಲಿ ಇದರ ಬಗ್ಗೆ ಬರೆದರು. ಮುಖ್ಯ ಅಂತಸ್ತು ಎನ್ನಬಹುದು. ಎಣ್ಮಕಜೆಯಂಥ ಪಂಚಾಯತುಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇವೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುವುದು 2000ದ ಕೊನೆಯವರೆಗೂ ನಡೆಯಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದಕ್ಕೆ ತಡೆ ಹಾಕಿತು. ಅಷ್ಟರಲ್ಲಿ ಕೆಲವು ಮಕ್ಕಳಿಗೆ ಹೆಸರೇ ಹೋಗಿ 'ಎಂಡೋಸಲ್ಫಾನ್ ಮಗು' ಎಂಬುದೊಂದೇ ಉಳಿದಿತ್ತು. ಹಾಡುವ ಮಗು, ತಮ್ಮನನ್ನು ನಗಿಸುವ ಮಗು, ಭಾನುವಾರವೂ ಶಾಲೆ ಬೇಕೆಂದು ಹಟ ಮಾಡುವ ಮಗು ಯಾರ ಕ್ಯಾಮೆರಾಕ್ಕೂ ಬೀಳಲಿಲ್ಲ. ಊರಿನ ಹೆಸರು ಕೇಳಿ ಮದುವೆಯ ಮಾತುಕತೆ ನಿಂತುಹೋದ ಆರೋಗ್ಯವಂತ ಅಕ್ಕಂದಿರೂ ಇದ್ದಾರೆ. ಪರಿಹಾರ ಸಿಗಬೇಕಾದರೆ ಆ ಹೆಸರು ಬೇಕು, ಬದುಕಬೇಕಾದರೆ ಆ ಹೆಸರು ಕಳಚಬೇಕು. ಅಂಥ ಮನೆಯ ಮಗು ತರಗತಿಗೆ ಬಂದಾಗ ನಾವು ಮಾಡಬಹುದಾದ ಮೊದಲ ಕೆಲಸ ಅದನ್ನು ಹೆಸರು ಹಿಡಿದು ಕರೆಯುವುದು.

ಕೊನೆಗೆ ಒಂದು ಚಟುವಟಿಕೆ. ಮ್ಯಾನ್‌ಫರ್ಡ್ ಕೂನ್ ಮತ್ತು ಥಾಮಸ್ ಮ್ಯಾಕ್‌ಪಾರ್ಟ್‌ಲೆಂಡ್ ಎಂಬವರು 1954ರಲ್ಲಿ ವಿದ್ಯಾರ್ಥಿಗಳಿಗೆ ಒಂದು ಹಾಳೆ ಕೊಟ್ಟು 'ನಾನು ಯಾರು?' ಎಂಬ ಪ್ರಶ್ನೆಗೆ ಇಪ್ಪತ್ತು ಉತ್ತರ ಬರೆಯಲು ಹೇಳಿದರು. ನಾವು ಅದನ್ನು ಹತ್ತಕ್ಕೆ ಇಳಿಸಿ ಎಂಟನೆಯ ತರಗತಿಯಲ್ಲಿ ಮಾಡಿಸುತ್ತೇವೆ. ಹೆಸರು ಬರೆಯುವುದು ಬೇಡ, 'ನಾನು' ಎಂದು ಶುರುವಾಗುವ ಹತ್ತು ವಾಕ್ಯ. ಮೊದಲ ಮೂರು ನಾಲ್ಕು ವಾಕ್ಯಗಳಲ್ಲಿ ಸಾಮಾನ್ಯವಾಗಿ ಅಂತಸ್ತುಗಳೇ ಬರುತ್ತವೆ: ನಾನು ಹುಡುಗ, ನಾನು ಅಮ್ಮನ ಎರಡನೆಯ ಮಗಳು, ನಾನು ಕನ್ನಡ ಮೀಡಿಯಂ. ಅದು ಮುಗಿದ ಮೇಲೆ ಪೆನ್ಸಿಲು ಕಚ್ಚಿಕೊಂಡು ಯೋಚಿಸುತ್ತಾರೆ. ಆಮೇಲೆ ಬರುವುದು ಬೇರೆಯೇ: ನಾನು ಕತ್ತಲೆಗೆ ಹೆದರುವುದಿಲ್ಲ. ನಾನು ಅಜ್ಜಿಗೆ ಪೆನ್ಶನಿನ ಮಲಯಾಳ ಕಾಗದ ಓದಿ ಹೇಳುತ್ತೇನೆ. ನಾನು ಚೆಂಡೆ ಬಾರಿಸಬಲ್ಲೆ.

ಅಜ್ಜಿಗೆ ಕಾಗದ ಓದಿ ಹೇಳುವ ಮಗುವನ್ನು ನೋಡಿ. ಮನೆಯಲ್ಲಿ ಕಿರಿಯದು, ಮನೆಗೆ ಬಂದ ಸರಕಾರಿ ಕಾಗದದ ಮುಂದೆ ಹಿರಿಯದು. ಶಾಲೆಯಲ್ಲಿ ಕಲಿತ ಎರಡು ಲಿಪಿಗಳಿಂದ ಬಂದ ಸ್ಥಾನ ಅದು. 'ಕನ್ನಡ ಮೀಡಿಯಂ' ಎಂದು ಸಣ್ಣ ದನಿಯಲ್ಲಿ ಹೇಳುವ ನೆಂಟರ ಲೆಕ್ಕದಲ್ಲಿ ಇದು ಬಂದಿಲ್ಲ.

ಆದೋನಿ, ಅಕ್ಕಲಕೋಟೆ, ಜತ್ತ, ತಾಳವಾಡಿಯ ಕನ್ನಡ ಶಾಲೆಗಳ ಗೆಳೆಯರೇ, ನಿಮ್ಮ ತರಗತಿಯಲ್ಲೂ ಒಮ್ಮೆ ಇದನ್ನು ಮಾಡಿಸಿ ನೋಡಿ. ಒಂದು ಪೀರಿಯಡ್ ಸಾಕು. ಹಾಳೆಗಳಿಗೆ ಅಂಕ ಹಾಕಬೇಡಿ, ಗಟ್ಟಿಯಾಗಿ ಓದಲೂ ಬೇಡಿ. 'ಕನ್ನಡ' ಎಂಬ ಶಬ್ದ ಎಷ್ಟನೆಯ ವಾಕ್ಯದಲ್ಲಿ ಬಂತು, ಅದರ ಪಕ್ಕದಲ್ಲಿ ಯಾವ ಶಬ್ದ ಇತ್ತು ಎಂದಷ್ಟೇ ಗುರುತು ಮಾಡಿಕೊಳ್ಳಿ. ಮುಂದಿನ ಎಪ್ರಿಲಿನಲ್ಲಿ ಮನೆ ಮನೆಗೆ ಹೊರಡುವ ಮೊದಲು ಆ ಗುರುತುಗಳನ್ನು ಒಟ್ಟಿಗೆ ಕುಳಿತು ನೋಡುವುದು ನಮಗೆಲ್ಲರಿಗೂ ಒಳ್ಳೆಯದು.